ಫೂಟಿಗೆ ಒಂದು ನೂಲು

ಉದ್ಯಮಬಾಗದಾಗ ನಲವತ್ತು ವರ್ಷ ಕಟಗಿ ಕೆತ್ತೀನಿ,
ಒಂದೂ ಕಟಗಿ ತನಗಂತ ಬಾಳಲಿಲ್ಲ.
ಪಂಪಿನ ಹೊಟ್ಟಿ, ಗೇರ್‌ಬಾಕ್ಸಿನ ಮುಚ್ಚಳ, ಫ್ಲೈವೀಲು,
ಕರಿ ಉಸುಕಿನ್ಯಾಗ ಒಮ್ಮೆ ಮಲಗಿ ಗುರುತು ಬಿಟ್ಟು
ಎದ್ದು ಬಂದು ಮಾಡದಾಗ ಕೂಡತಾವು.
ಕಾದ ಬೀಡು ಆ ಗುರುತಿನ್ಯಾಗ ಇಳೀತೈತಿ.
ಊರು ನೋಡೂದು ಅದು.

ಬೀಡು ಆರಿದರ ಕುಗ್ಗತೈತಿ.
ಅದಕ ನಮ್ಮ ಪಟ್ಟಿನ ಬ್ಯಾರೆ:
ಫೂಟಿಗೆ ಒಂದು ನೂಲು ಉದ್ದ.
ಆ ಸುಳ್ಳು ಹಿಡದು ಅಳದರ
ಖರೇ ಸಾಮಾನು ಬರತೈತಿ.

ಪದ್ಮಣ್ಣ ಹುಕ್ಕೇರಿ ಬಂದ,
ಸಾಂಬ್ರಾದಾಗ ಫಿಟ್ಟರ್ ಇದ್ದಾಂವ.
ಪಿಂಚಣಿ ರೊಕ್ಕದಾಗ ಮಚ್ಛೆ ಕಡೆ ಒಂದು ತಗಡಿನ ಶೆಡ್ಡು,
ಶೆಡ್ಡಿನ್ಯಾಗ ಒಬ್ಬರ ಕೂಡೂ ವಿಮಾನ.
ರೆಕ್ಕಿಗೆ ಅರಿವಿ ಹೊಚ್ಚಿ ಆಗಿತ್ತು.
ಎಂಜಿನ್ನು ಗುಜರಿಯ ಮಾರುತಿ ಕಾರಿಂದು.
ಅದು ಎರಡು ಸುತ್ತು ತಿರುಗಿದರ ಪಂಖಾ ಒಂದು ಸುತ್ತು,
ನಡುವ ಹಲ್ಲಿನ ಬೆಲ್ಟು.
"ಪಂಖಾ ನೀ ಕೆತ್ತು, ಮಾನಪ್ಪ.
ತುದಿಯಿಂದ ತುದಿಗೆ ಐದು ಫೂಟು."

ಖಾನಾಪುರದ ತೇಗ, ಏಳು ಹಲಗಿ,
ಅಂಟು ಹಚ್ಚಿ ಬಿಗಿದು ಮೂರು ರಾತ್ರಿ ಬಿಟ್ಟೆ.
ನಡುವ ಕಡಿದಾಗಿ ಎದ್ದು
ತುದಿಗೆ ಬರೂದರೊಳಗ ಮಟ್ಟಸ,
ಮಗ್ಗಲಾಗಿ ಮಲಗಿದವರ ಹೆಗಲಿನಂಗ ಅದರ ತಿರುವು.
ನನ್ನ ಕೈಯ್ಯಾಗಿಂದ ಇಂಥಾದ್ದೊಂದು ಬಂದಿರಲಿಲ್ಲ.
ಹೆಂಡತಿಗೆ ತೋರಿಸಿದೆ. "ತೊಟ್ಟಿಲಕ ಹಾಕೂದೇನು?" ಅಂದಳು.

ಐತವಾರ.
ವಿಮಾನದ ಬಾಲಕ್ಕ ಹಗ್ಗ,
ಹಗ್ಗಕ್ಕ ಬೆಲ್ಲದ ಪ್ಯಾಟಿಯ ಕೊಕ್ಕಿ ತಕ್ಕಡಿ,
ತಕ್ಕಡಿ ಬೇವಿನ ಗಿಡಕ್ಕ.
ಗಾಲಿಗೆ ಕಲ್ಲು ಇಡಲಿಲ್ಲ, ಎಳಿಯೂದು ತಿಳೀಬೇಕಲ್ಲ.
ದಸ್ತಗೀರ ಮುಳ್ಳು ಓದಾಂವ,
ನಾ ದೂರ ನಿಂದರಾಂವ.

ಪೂರಾ ಕೊಟ್ಟರೂ ನಾಲ್ಕು ಸಾವಿರದ ನೂರಕ್ಕ ನಿಂತಿತು.
ಬೇಕಾದದ್ದು ಆರನೂರು.
ಬಾಯ್ತುಂಬ ತುತ್ತು ತುರುಕಿದ ಕೂಸಿನಂಗ
ಎಂಜಿನ್ನು ಒಳಗೊಳಗ ಒದ್ದಾಡತಿತ್ತು.
"ಎಂಬತ್ತನಾಲ್ಕು ಕಿಲೊ!" ದಸ್ತಗೀರ ಒದರಿದ,
ಬೆಲ್ಲ ತೂಗಿದವರಂಗ.

ಪದ್ಮಣ್ಣ ಬಂದ್ ಮಾಡಿ ಇಳದ.
ಪಂಖಾಕ್ಕ ತನ್ನ ಟೇಪು ಹಿಡಿದ.
ಐದು ಫೂಟು, ಐದು ನೂಲು.
ನನ್ನ ಕಡೆ ನೋಡಿದ.
ನಾ ನನ್ನ ಕಿಸೆದಾಗಿನ ಪಟ್ಟಿ ಕಡೆ.

"ಗಾಳ್ಯಾಗ ಕುಗ್ಗತೈತಿ ಅಂತ ತಿಳದಿದ್ದೆ ಏನಪಾ?"
"ಕೈ ತಿಳದಿತ್ತು," ಅಂದೆ.

ಅವ ನಕ್ಕ. ನಗೂದು ನಿಲ್ಲಿಸಿ,
ಬರೇ ನಿಂದಲ್ಲ ತಪ್ಪು, ಅಂದ.
ಒಂದು ಸುತ್ತಿಗೆ ಎಷ್ಟು ಮುಂದ ಕೊರಕೊಂಡು ಹೋಗಬೇಕು
ಅನ್ನೂದರಾಗ ಎರಡು ಇಂಚು ನಾನ ಹೆಚ್ಚಿಗಿ ಕೇಳಿದ್ದೆ.
ಜೋರ ಹಾರಲಿ ಅಂತ ಆಶಾ.
ನೆಲಾನ ಬಿಡದಿದ್ದರ ಜೋರು ಎಲ್ಲಿ ಹಚ್ಚತಿ?
ಹಂಗಂತ ಬಾಳ ಇಳಿಸಬ್ಯಾಡ.
ಕಚ್ಚಲಿಕ್ಕೆ ಏನೂ ಸಿಗದಿದ್ದರ
ಒದರಿ ಒದರಿ ತನ್ನ ತಾ ಸುಟ್ಟಕೋತೈತಿ.

ಎರಡನೇದು ಕೆತ್ತಲಿಕ್ಕೆ ಕೂತಾಗ
ಮೊಮ್ಮಗಳ ಸಾಲಿ ಚೀಲದಾಗಿಂದ
ಹಸರು ಪ್ಲಾಸ್ಟಿಕ್ ಪಟ್ಟಿ ಕೇಳಿ ತಗೊಂಡೆ.
ಅಂಚಿನ್ಯಾಗ ಅದರ ಹೆಸರು, ಪಕ್ಕದಾಗ ಒಂದು ಹೂವು.
ಅದರ ಇಂಚು ಇಂಚ.
ಚಾಕುವಿನ ಅಲಗಿನ ಮ್ಯಾಲ ತೂಗಿ ನೋಡಿದೆ:
ಎಡಕ್ಕ ಒಂದೀಟು ಬಾಗಿತು,
ಬಲಕ್ಕ ಒಂದು ಕೈ ವಾರ್ನಿಶು ಹೆಚ್ಚಿಗಿ ಬಳದೆ.

ಮತ್ತೊಂದು ಐತವಾರ, ಅದ ಗಿಡ, ಅದ ತಕ್ಕಡಿ.
ನಾಲ್ಕು ಸಾವಿರದ ಆರನೂರಾ ಐವತ್ತು.
ತೊಂಬತ್ತೇಳು ಕಿಲೊ.
ಈ ಸಲ ದಸ್ತಗೀರ ಒದರಲಿಲ್ಲ,
ಬೆರಳಿನ್ಯಾಗ ತೋರಿಸಿದ.
ಎಂಜಿನ್ನಿನ ದನಿ ಬ್ಯಾರೆ ಆಗಿತ್ತು,
ಬೆಲ್ಲ ಹತ್ತಿದ ಹಲ್ಲು ಬಿಟ್ಟಂಗ ಸಳಸಳ.
ಹಗ್ಗ ಜಗ್ಗಿ ಬೇವಿನ ಹಣ್ಣೆಲೆ ಉದುರಿದುವು.
ಹಿಂದ ನನ್ನ ಟೊಪಗಿ ಹಾರಿ ಕಬ್ಬಿನ್ಯಾಗ ಬಿತ್ತು,
ಹುಡುಕಲಿಲ್ಲ.

ನಿಂತ ಮ್ಯಾಲ ಹೋಗಿ ಅಂಚು ಮುಟ್ಟಿದೆ.
ಹುಲ್ಲಿನ ಹಸರು ಹತ್ತಿತ್ತು.
ಇದನ್ನ ಉಸುಕಿನ್ಯಾಗ ಯಾರೂ ಹೂಳೂದಿಲ್ಲ,
ಇದರ ಗುರುತಿನ್ಯಾಗ ಯಾವ ಬೀಡೂ ಇಳಿಯೂದಿಲ್ಲ.
ಹೋಗೂದಿದ್ದರ ಇದ ಹೋಗಬೇಕು.

ಸೋಮವಾರ ಮುಂಜಾನೆ ಕಾಂಬಳೆ ಫೌಂಡ್ರಿಯ ಪಂಪಿನ ಅಚ್ಚು.
ಹದಿನೈದು ದಿನಕ್ಕ ಎರಕ ಆರಿ ಬಂತು,
ಮೋಟರು ಒಳಗ ಕೂಡವಲ್ದು.
ಫೂಟಿಗೆ ಒಂದು ನೂಲು ಸಣ್ಣದು.
ಮಿಸ್ತ್ರಿ ಹತ್ತು ಮಂದ್ಯಾಗ ಒದರಿದ.
ನಾ ಸುಮ್ಮನ ನಿಂತಿದ್ದೆ,
ಕಿಸೆದಾಗ ಹಸರು ಪಟ್ಟಿ.